ಹಿಮಕರಡಿಯ ಚರ್ಮದ ಬಣ್ಣ

ಮನೆಯೊಳಗೆ ಮೊಟ್ಟೆಯನ್ನೂ ತರದ ಉಷಾ ಮೀನು ಹಿಡಿಯುವ ದಾರ ಹುಡುಕಿಕೊಂಡು ಅಮೆರಿಕದ ಜರ್ಮನ್‌ಟೌನಿನ ಒಂದು ದೊಡ್ಡ ಸ್ಪೋರ್ಟ್ಸ್ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಅಲೆದಳು. ಒಂದು ಗೋಡೆಯ ತುಂಬ ಗಾಳಗಳು, ಇನ್ನೊಂದರ ತುಂಬ ರಬ್ಬರಿನ ಎರೆಹುಳುಗಳು. ಅವುಗಳ ನಡುವೆ ನಿಂತು ಅವಳು ದಾರದ ಉರುಳೆಗಳನ್ನು ಒಂದೊಂದಾಗಿ ಎತ್ತಿ ದೀಪಕ್ಕೆ ಹಿಡಿದು ನೋಡುತ್ತಿದ್ದಳು. ದಾರಕ್ಕೆ ಯಾವ ಬಣ್ಣವೂ ಇರಬಾರದು, ನೀಲಿ ಛಾಯೆ ಕೂಡ ನಡೆಯುವುದಿಲ್ಲ, ನೀರಿನ ಹಾಗಿರಬೇಕು ಎಂದು ಮಗಳು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದಳು. ಬಿಳಿ ಗಡ್ಡದ ಅಂಗಡಿಯವನೊಬ್ಬ ಹತ್ತಿರ ಬಂದು, ಯಾವ ಮೀನಿಗೆ ಬೇಕು ಎಂದು ವಿಚಾರಿಸಿದ. ಉಷಾ ಗಾಬರಿಯಲ್ಲಿ ಕರಡಿಗೆ ಎಂದುಬಿಟ್ಟಳು. ಅವನು ಎರಡನೆಯ ಮಾತಾಡದೆ, ಇದ್ದುದರಲ್ಲೇ ಗಟ್ಟಿಯಾದ ಉರುಳೆಯೊಂದನ್ನು ತೆಗೆದು ಅವಳ ಕೈಯಲ್ಲಿಟ್ಟು ಹೊರಟುಹೋದ.

ಕಾರಿನಲ್ಲಿ ಕೂತು ಆ ಉರುಳೆಯನ್ನು ಅವಳು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ ತೊಡೆಯ ಮೇಲಿಟ್ಟುಕೊಂಡಳು. ಇಷ್ಟು ಸಣ್ಣ ಸಾಮಾನಿಗೆ ಅಷ್ಟು ಸಂತೋಷಪಡುವುದನ್ನು ಯಾರಾದರೂ ಕಂಡಿದ್ದರೆ ನಕ್ಕುಬಿಡುತ್ತಿದ್ದರು. ಆದರೆ ಹೋದ ಅಕ್ಟೋಬರಿನಿಂದ ಯಾಮಿನಿ ಅಮ್ಮನನ್ನು ಏನೊಂದನ್ನೂ ಕೇಳಿರಲಿಲ್ಲ. ಈಗ ಫೆಬ್ರವರಿ. ನಾಲ್ಕು ತಿಂಗಳ ಮೇಲೆ, ನಿನ್ನೆ ಸಂಜೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, "ಅಮ್ಮ, ಐ ನೀಡ್ ಫಿಶಿಂಗ್ ಲೈನ್, ಪೋಲಾರ್ ಬೇರ್ ಮಾಡಕ್ಕೆ. ಸೈನ್ಸ್ ಫೇರ್‌ಗೆ" ಎಂದಿದ್ದಳು. ಉಷಾ ಸೌಟು ಕೆಳಗಿಡುವುದನ್ನೂ ಮರೆತು, "ತರ್ತೀನಿ ಪುಟ್ಟಾ, ನಾಳೇನೇ ತರ್ತೀನಿ" ಎಂದಿದ್ದಳು.

ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಹತ್ತು ವರ್ಷದ ಹುಡುಗಿ ಬಾಗಿಲು ದಡಾರನೆ ಹಾಕಿಕೊಂಡರೆ ತೆರೆಸುವುದು ಹೇಗೆಂದು ಯಾವ ತಾಯಿಗೂ ಗೊತ್ತಿರುತ್ತದೆ. ಯಾಮಿನಿ ಬಾಗಿಲು ಹಾಕಿಕೊಳ್ಳಲಿಲ್ಲ. ಊಟ ಮಾಡಿದಳು, ಹೋಮ್‌ವರ್ಕ್ ಮಾಡಿದಳು, ಕೇಳಿದ್ದಕ್ಕೆಲ್ಲ "ಓಕೆ" ಎಂದಳು. ಭಾನುವಾರ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲು ಅಮ್ಮನ ಮುಂದೆ ಕೂರುತ್ತಿದ್ದವಳು ಈಗ ಅಜ್ಜಿಯ ಮುಂದೆ ಕೂತಳು. ಮುಖ್ಯವಾಗಿ, ಬೆಳಗಿನ ಜಾವ ಬರುವುದನ್ನು ಬಿಟ್ಟಳು. ಚಳಿಗಾಲ ಶುರುವಾಯಿತೆಂದರೆ ಆ ಹುಡುಗಿ ಐದೂವರೆಗೆ ಕಣ್ಣು ಮುಚ್ಚಿಕೊಂಡೇ ನಡೆದು ಬಂದು, ಅಮ್ಮನ ಹೊದಿಕೆಯೊಳಗೆ ನುಸುಳಿ, ಮಂಜುಗಡ್ಡೆಯಂಥ ಎರಡು ಪಾದಗಳನ್ನು ಅಮ್ಮನ ಹೊಟ್ಟೆಗೆ ಒತ್ತಿ ಮತ್ತೆ ನಿದ್ದೆ ಹೋಗುತ್ತಿದ್ದಳು. ಅವಳಿಗೆ ನಡಿಗೆ ಬಂದಾಗಿನಿಂದ ನಡೆದುಬಂದ ರೂಢಿ ಅದು. ಪ್ರತಿ ಸಲವೂ ಉಷಾ ಹಾ ಎಂದು ಕೂಗಿ ಬೈಯುತ್ತಿದ್ದಳು. ಈ ಚಳಿಗಾಲ ಯಾರೂ ಬರಲಿಲ್ಲ. ಉಷಾ ಐದೂವರೆಗೆ ಎಚ್ಚರಾಗಿ, ಹೊದಿಕೆಯ ಒಂದು ಅಂಚನ್ನು ಎತ್ತಿ ಹಿಡಿದು, ಆರು ಗಂಟೆಯವರೆಗೆ ಕಾಯುತ್ತಿದ್ದಳು. ಅವಳಿಗೆ ಬೇಕಾದದ್ದು ಅಷ್ಟೇ: ಆ ಎರಡು ತಣ್ಣನೆಯ ಪಾದಗಳು.

ಆದದ್ದೇನೆಂದು ಹೇಳಿಬಿಡುತ್ತೇನೆ. ಯಾಮಿನಿ ಕಪ್ಪು. ನಮ್ಮ ಜನ ಈ ಮಾತನ್ನು ನೆಟ್ಟಗೆ ಹೇಳುವುದಿಲ್ಲ. ಕೃಷ್ಣವರ್ಣ ಎನ್ನುತ್ತಾರೆ, ಲಕ್ಷಣವಾಗಿದ್ದಾಳೆ ಎನ್ನುತ್ತಾರೆ, ಸ್ವಲ್ಪ ಕಲರ್ ಕಮ್ಮಿ ಎನ್ನುತ್ತಾರೆ, ಬಣ್ಣವೆಂದರೆ ರೇಷನ್ ಅಂಗಡಿಯಲ್ಲಿ ಅಳೆದು ಕೊಡುವ ಸಕ್ಕರೆಯೇನೋ ಎಂಬಂತೆ. ಯಾಮಿನಿಗೆ ಆ ಬಣ್ಣ ಬಂದದ್ದು ಉಷಾಳಿಂದ. ಉಷಾಳಿಗೆ ಬಂದದ್ದು ತೀರಿಕೊಂಡ ಅವಳ ಅಪ್ಪನಿಂದ. ಅಪ್ಪನಿಗೆ ಯಾರೂ ಏನೂ ಅಂದಿರಲಿಲ್ಲ, ಗಂಡಸು ನೋಡಿ.

ಉಷಾಳಿಗೆ ಇಪ್ಪತ್ಮೂರಾದಾಗ ಅವಳ ತಾಯಿ ರಾಜಲಕ್ಷ್ಮಮ್ಮ ಮೈಸೂರಿನಲ್ಲಿ ಅವಳನ್ನು ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿ ಮದುವೆಯ ಜಾತಕದ ಜೊತೆ ಕಳಿಸುವ ಫೋಟೋ ತೆಗೆಸಿದರು. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಮುಖವನ್ನು ತೊಳೆದು ಹಾಲಿನಂತೆ ಮಾಡಿಕೊಟ್ಟ. ಅದನ್ನು ನೋಡಿ ಮೆಚ್ಚಿ ಮೂರು ಕಡೆಯವರು ಬಂದರು, ಕೇಸರಿಬಾತು ತಿಂದರು, ಊರಿಗೆ ಹೋಗಿ ತಿಳಿಸುತ್ತೇವೆ ಎಂದರು. ಮೂರನೆಯ ಸಲ ಉಷಾ ಕಾಫಿ ತಟ್ಟೆ ಹಿಡಿದು ಹಾಲಿಗೆ ಬಂದಾಗ ಹುಡುಗನ ತಾಯಿ ಒಂದು ಲೋಟ ಎತ್ತಿಕೊಂಡು, ಅವಳ ಹೆಗಲ ಮೇಲಿಂದ ಅಡುಗೆಮನೆಯ ಬಾಗಿಲಿನ ಕಡೆ ನೋಡುತ್ತ, "ಹುಡುಗೀನ ಕರೀರಿ, ನೋಡೋಣ" ಎಂದಿದ್ದರು. ತಟ್ಟೆಯಲ್ಲಿ ಇನ್ನೂ ನಾಲ್ಕು ಲೋಟ ಇದ್ದವು. ಉಷಾ ಅವನ್ನು ಕೂತಿದ್ದವರಿಗೆಲ್ಲ ಕೊಟ್ಟೇ ಒಳಗೆ ಹೋದಳು. ಆಮೇಲೆ ಬೆಂಗಳೂರಿನ ಆಫೀಸಿನಲ್ಲಿ ಪಕ್ಕದ ಟೀಮಿನ ಅವಿನಾಶ್ ಯಾವ ಫೋಟೋವನ್ನೂ ಕೇಳದೆ ಅವಳನ್ನು ಮೆಚ್ಚಿಕೊಂಡ, ಮದುವೆಯಾದ, ಇಬ್ಬರೂ ಅಮೆರಿಕಕ್ಕೆ ಬಂದು ಕ್ಲಾರ್ಕ್ಸ್‌ಬರ್ಗಿನಲ್ಲಿ ಮನೆ ಮಾಡಿದರು. ಇದಾಗಿ ಹದಿನೈದು ವರ್ಷವಾದರೂ ಕಾಫಿ ತಟ್ಟೆಯ ವಿಷಯವನ್ನು ಉಷಾ ಗಂಡನಿಗೂ ಹೇಳಿರಲಿಲ್ಲ.

ಮಗಳಿಗೆ ಆ ಮಾತು ತಾಕಬಾರದೆಂದು ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಬೇಸಗೆಯಲ್ಲಿ ತುಂಬು ತೋಳಿನ ಅಂಗಿ, ಅಗಲ ಅಂಚಿನ ಟೋಪಿ, ಸಂಜೆ ಆರರ ಮೇಲೆ ಮಾತ್ರ ಈಜು. ಊಟದ ಮನೆಯ ಗಾಜಿನ ಬಾಗಿಲಿಗೆ ಮಧ್ಯಾಹ್ನವಾಗುತ್ತಲೇ ಪರದೆ. ಎರಡು ಸಾವಿರದ ಹತ್ತೊಂಬತ್ತರಲ್ಲಿ, ಯಾಮಿನಿಗೆ ಆರು ವರ್ಷವಿದ್ದಾಗ, ಮೈಸೂರಿಗೆ ಹೋಗಿ ಬಂದ ಮೇಲೆ ಸೋದರತ್ತೆಯ ಮಗಳು ಶ್ರೀಲತಾ ಮನೆಯವರ ವಾಟ್ಸಾಪ್ ಗುಂಪಿನಲ್ಲಿ, "ಪುಟ್ಟಿ ಇನ್ನೂ ಟ್ಯಾನ್ ಆಗಿದಾಳಲ್ಲೇ, ಬಿಸಿಲಲ್ಲೇ ಬಿಟ್ಟಿರ್ತೀಯಾ?" ಎಂದು ಬರೆದು ಮೂರು ನಗುವ ಮುಖಗಳನ್ನು ಅಂಟಿಸಿದಳು. ಅವತ್ತೇ ಉಷಾ ಫೋನಿಗೆ ಒಂದು ಬ್ಯೂಟಿ ಕ್ಯಾಮೆರಾ ಹಾಕಿಕೊಂಡಳು. ಅದರಲ್ಲಿ ತೆಗೆದರೆ ಮುಖ ತಾನಾಗಿಯೇ ಬೆಳಗುತ್ತಿತ್ತು. ಮೊದಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಗುಂಪಿನಲ್ಲಿ ಈಗ, "ಅಮೆರಿಕದ ನೀರು ಹಿಡೀತು ನೋಡು" ಎಂದು ಬರತೊಡಗಿತು. ಶಾಲೆಯವರು ವರ್ಷಕ್ಕೊಮ್ಮೆ ತೆಗೆಯುವ ಫೋಟೋದ ಫಾರ್ಮಿನಲ್ಲಿ ಮುಖ ತಿದ್ದಿಕೊಡಬೇಕೇ ಎಂಬ ಚೌಕವಿತ್ತು. ಅದಕ್ಕೂ ಉಷಾ ಪ್ರತಿವರ್ಷ ಗುರುತು ಹಾಕಿದಳು. ಮಗಳಿಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬುದರಲ್ಲಿ ಅವಳಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ವಿಡಿಯೋ ಕಾಲ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು, ವಾರಕ್ಕೆರಡು ಸಲ. ಆದರೆ ರಾಜಲಕ್ಷ್ಮಮ್ಮನಿಗೆ ಫೋನು ಎಂದರೆ ಕಿವಿಗೆ ಹಿಡಿಯುವ ವಸ್ತು. ಎಷ್ಟು ಹೇಳಿಕೊಟ್ಟರೂ ಅರ್ಧ ನಿಮಿಷದಲ್ಲಿ ಕಿವಿಗೇ ಏರುತ್ತಿತ್ತು. ಹಾಗಾಗಿ ನಾಲ್ಕು ವರ್ಷ ಯಾಮಿನಿ ನೋಡಿದ್ದು ಅಜ್ಜಿಯ ವಜ್ರದೋಲೆಯನ್ನು, ಅಜ್ಜಿ ನೋಡಿದ್ದು ಫೋಟೋಗಳನ್ನು. ಮೊದಲು ಕೋವಿಡ್, ಆಮೇಲೆ ವೀಸಾದ ಸಾಲು. ಅಂತೂ ಹೋದ ಅಕ್ಟೋಬರಿನಲ್ಲಿ ಅಜ್ಜಿ ಹೊರಟುಬಂದರು.

ಡಲ್ಲಸ್ ಏರ್‌ಪೋರ್ಟಿಗೆ ಯಾಮಿನಿ ತಾನೇ ಬರೆದ ಫಲಕ ಹಿಡಿದು ಹೋಗಿದ್ದಳು. ಭಾನುವಾರದ ಕನ್ನಡ ಕ್ಲಾಸಿನಲ್ಲಿ ಒತ್ತಕ್ಷರ ಕಲಿತದ್ದು ಸಾರ್ಥಕವಾಗಲೆಂದು ದೊಡ್ಡದಾಗಿ "ಅಜ್ಜಿ" ಎಂದು ಬರೆದು, ಸುತ್ತ ಮಿನುಗುವ ಪುಡಿ ಅಂಟಿಸಿದ್ದಳು. ಒಂದೂವರೆ ಗಂಟೆ ಕಾದ ಮೇಲೆ ಗಾಲಿಕುರ್ಚಿಯಲ್ಲಿ ಅಜ್ಜಿ ಹೊರಗೆ ಬಂದರು. ಮಗಳನ್ನು ತಬ್ಬಿಕೊಂಡು ಅತ್ತರು, ಅಳಿಯನ ತಲೆ ಸವರಿದರು, ಆಮೇಲೆ ಫಲಕದ ಮೇಲಿಂದ, ಹುಡುಗಿಯ ತಲೆಯ ಮೇಲಿಂದ ಆಚೀಚೆ ನೋಡಿ, "ಪುಟ್ಟಿ ಎಲ್ಲೇ? ಕರ್ಕೊಂಡ್ ಬರ್ಲಿಲ್ವಾ?" ಎಂದರು. ಯಾಮಿನಿ ಫಲಕವನ್ನು ಇನ್ನಷ್ಟು ಮೇಲೆತ್ತಿದಳು. ಅಜ್ಜಿ ಅವಳ ಕೆನ್ನೆ ತಟ್ಟಿ, ಬಹಳ ಪ್ರೀತಿಯಿಂದಲೇ, "ನೀನು ಯಾಮಿನಿ ಫ್ರೆಂಡಾ ಮರಿ?" ಎಂದು ಕೇಳಿದರು.

ಅವಿನಾಶ್ ನಕ್ಕ. ಗೊತ್ತಾದ ಮೇಲೆ ಅಜ್ಜಿಯೂ ಹಣೆ ಚಚ್ಚಿಕೊಂಡು ನಕ್ಕರು, ಕಣ್ಣಿನ ಪೊರೆ ಎಂದರು, ಎಷ್ಟುದ್ದ ಬೆಳೆದಿದೀಯೇ ಎಂದರು, ಎಳೆದು ಮುದ್ದಿಟ್ಟರು. ಉಷಾ ನಗಲಿಲ್ಲ. ಅವಳ ಕೈಯಲ್ಲಿ ಹದಿನೈದು ವರ್ಷದ ಹಿಂದಿನ ಆ ತಟ್ಟೆ ಮತ್ತೆ ಬಂದು ಕೂತಿತ್ತು.

ಮಾರನೆಯ ದಿನ ಅಜ್ಜಿ ಪೆಟ್ಟಿಗೆ ಬಿಚ್ಚಿ ಹುರಿಗಾಳು, ಸಾರಿನ ಪುಡಿಯ ಕೆಳಗಿಂದ ಸೀರೆಯಲ್ಲಿ ಸುತ್ತಿದ್ದ ಒಂದು ದೊಡ್ಡ ಚೌಕಟ್ಟನ್ನು ತೆಗೆದರು. ಮೈಸೂರಿನ ಮನೆಯ ಹಾಲಿನಲ್ಲಿ ಎರಡು ವರ್ಷ ತೂಗುಹಾಕಿದ್ದ ಮೊಮ್ಮಗಳ ಫೋಟೋ. ಮೊಮ್ಮಗಳಿಗೇ ತೋರಿಸೋಣವೆಂದು ಹೊತ್ತು ತಂದಿದ್ದರು. ಯಾಮಿನಿ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಗುಲಾಬಿ ಬಿಳುಪಿನ ಕೆನ್ನೆ, ಅರ್ಧ ಸಣ್ಣಗಾದ ಮೂಗು. ಎರಡನೆಯ ಕ್ಲಾಸಿನಲ್ಲಿ ಸೈಕಲ್ಲಿನಿಂದ ಬಿದ್ದು ಗಲ್ಲದ ಮೇಲೆ ಆದ ಗಾಯದ ಗುರುತು ಕೂಡ ಇರಲಿಲ್ಲ. ಅವಳು ಎದ್ದು ಹೋಗಿ ಅಮ್ಮನ ಫೋನು ತೆಗೆದುಕೊಂಡು, ಕೂತು, ಹಿಂದಕ್ಕೆ ಹಿಂದಕ್ಕೆ ಸರಿಸುತ್ತ ಹೋದಳು. ಹುಟ್ಟುಹಬ್ಬ, ಹಿಮದ ಗೊಂಬೆ, ದೀಪಾವಳಿ, ಬಿದ್ದ ಹಲ್ಲು.

"ಆಲ್ ಆಫ್ ದೆಮ್, ಅಮ್ಮ?"

ಆಗ ಉಷಾ ನಿಜ ಹೇಳಬಹುದಿತ್ತು. ಒಂದೇ ಒಂದು ಅವಕಾಶವಿತ್ತು, ಅದನ್ನು ಅವಳು ಕೈಯಾರೆ ಹಾಳುಮಾಡಿಕೊಂಡಳು. "ಲೈಟಿಂಗ್ ಸರಿ ಇರ್ತಿರ್ಲಿಲ್ಲ ಪುಟ್ಟಾ, ಅದಕ್ಕೇ" ಎಂದಳು.

ಯಾಮಿನಿ ಫೋನನ್ನು ಇದ್ದ ಜಾಗದಲ್ಲೇ ಇಟ್ಟಳು. "ಓಕೆ" ಎಂದಳು. ಓಕೆ ಶುರುವಾದದ್ದು ಅವತ್ತು.

ಅಜ್ಜಿಯ ಮೇಲೆ ಅವಳು ಸಿಟ್ಟು ಮಾಡಲಿಲ್ಲ. ಮಕ್ಕಳ ನ್ಯಾಯ ದೊಡ್ಡವರದಕ್ಕಿಂತ ನೆಟ್ಟಗಿರುತ್ತದೆ. ನೋಡಿದ್ದನ್ನು ನಂಬಿದವರದ್ದೇನು ತಪ್ಪು? ವಾರದೊಳಗೆ ಅಜ್ಜಿಯೂ ಮೊಮ್ಮಗಳೂ ಒಂದೇ ಕೋಣೆಯಲ್ಲಿ ಮಲಗತೊಡಗಿದರು. ನಾಲ್ಕು ತಿಂಗಳಲ್ಲಿ ಅಜ್ಜಿಗೆ ಇಂಗ್ಲಿಷು ಬರಲಿಲ್ಲ, ಮೊಮ್ಮಗಳ ಕನ್ನಡ ಮಾತ್ರ ಅಜ್ಜಿಯ ಕೈಯಲ್ಲಿ ಬೆಳೆಯಿತು.

ಮೀನಿನ ದಾರ ಮನೆಗೆ ಬಂದ ಸಂಜೆಯಿಂದ ಊಟದ ಮೇಜು ಇಬ್ಬರ ಕಾರ್ಖಾನೆಯಾಯಿತು. ಎರಡು ಖಾಲಿ ಕಾಫಿ ಡಬ್ಬಿ. ಒಂದಕ್ಕೆ ಕಪ್ಪು ಕಾಗದ ಸುತ್ತಬೇಕು, ಇನ್ನೊಂದಕ್ಕೆ ಬಿಳಿ ಕಾಗದ. ಆಮೇಲೆ ದಾರವನ್ನು ಬೆರಳುದ್ದ ಕತ್ತರಿಸಿ, ಎರಡು ಡಬ್ಬಿಗೂ ಮೈತುಂಬ ಕೂದಲಿನ ಹಾಗೆ ಅಂಟಿಸಬೇಕು. ಉಷಾ ಕತ್ತರಿ ಹಿಡಿದು ಹತ್ತಿರ ಹೋದಳು. "ಐ ಗಾಟ್ ಇಟ್, ಅಮ್ಮ" ಎಂದಳು ಯಾಮಿನಿ, ತಲೆಯೆತ್ತದೆ. ಅಜ್ಜಿಯನ್ನು ಮಾತ್ರ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಐವತ್ತು ವರ್ಷ ದೇವರಿಗೆ ಹೂಬತ್ತಿ ಮಾಡಿದ ಕೈ ಅದು. ಅಜ್ಜಿ ಹತ್ತು ಹತ್ತು ಎಳೆಗಳನ್ನು ಸೇರಿಸಿ, ಬುಡ ಹೊಸೆದು, ಗೋಂದಿನಲ್ಲಿ ಅದ್ದಿ, ಸಾಲಾಗಿ ಕೂರಿಸುತ್ತ ಹೋದರು. ಮೂರು ದಿನದಲ್ಲಿ ಎರಡು ಡಬ್ಬಿಗೂ ರೋಮ ಬಂತು. ದೂರದಿಂದ ನೋಡಿದರೆ ಬಿಳಿಯ ಡಬ್ಬಿಯ ರೋಮ ಬೆಳ್ಳಗೆ ಕಾಣುತ್ತಿತ್ತು, ಕಪ್ಪು ಡಬ್ಬಿಯ ಮೇಲೆ ಮಂಜು ಕವಿದ ಹಾಗಿತ್ತು.

ಉಷಾ ಅಡುಗೆಮನೆಯಲ್ಲಿ ನಿಂತು, ತೊಳೆದ ಪಾತ್ರೆಯನ್ನೇ ತೊಳೆಯುತ್ತ, ಇಬ್ಬರ ಮಾತು ಕೇಳಿಸಿಕೊಂಡಳು.

"ಪೋಲಾರ್ ಬೇರ್ ವೈಟ್ ಅಲ್ಲ ಅಜ್ಜಿ. ಎಲ್ರೂ ವೈಟ್ ಅಂತಾರೆ. ಕೂದಲಿಗೆ ಕಲರ್ ಇಲ್ಲ, ಕ್ಲಿಯರ್. ಒಳಗೆ ಖಾಲಿ, ಸ್ಟ್ರಾ ತರ. ಲೈಟ್ ಅದ್ರಲ್ಲಿ ಆ ಕಡೆ ಈ ಕಡೆ ಹೋಗತ್ತೆ, ಸೋ ವೈಟ್ ಕಾಣ್ಸತ್ತೆ."

"ಮತ್ತೆ ಅದರ ನಿಜವಾದ ಬಣ್ಣ?"

"ಸ್ಕಿನ್ ಬ್ಲ್ಯಾಕ್."

"ಕಪ್ಪಾ? ಅಷ್ಟು ಬೆಳ್ಳಗಿರೋ ಕರಡೀದಾ?"

"ಫುಲ್ ಬ್ಲ್ಯಾಕ್. ಸನ್ ಕೂದಲು ಒಳಗೆ ಬಂದು ಸ್ಕಿನ್‌ಗೆ ಹೋಗತ್ತೆ, ಸ್ಕಿನ್ ಬೆಚ್ಚಗೆ ಆಗತ್ತೆ. ಆಮೇಲೆ ಕೂದಲು ಆ ಹೀಟನ್ನ ಹೊರಗೆ ಬಿಡಲ್ಲ."

ಅಜ್ಜಿ ಒಂದು ಎಳೆಯನ್ನು ಗೋಂದಿನಲ್ಲಿ ಅದ್ದಿ ಕೂರಿಸಿದರು. "ಪಾಪ, ತಾನು ಕಪ್ಪಗಿದೀನಿ ಅಂತ ಅದಕ್ಕೆ ಗೊತ್ತಿರತ್ತೇನೇ?"

ಯಾಮಿನಿ ಯೋಚಿಸಿದಳು. "ಮೂಗು ನೋಡ್ಕೊಂಡ್ರೆ ಗೊತ್ತಾಗತ್ತೆ" ಎಂದಳು. ಅಜ್ಜಿ ಗೊಳ್ಳೆಂದು ನಕ್ಕರು. ಉಷಾಳಿಗೂ ನಗು ಬಂತು. ತಾನೊಬ್ಬಳು ಆ ಮೇಜಿನ ಹೊರಗೆ ನಿಂತು ನಗುತ್ತಿದ್ದೇನೆ ಎನಿಸಿತು.

ಶನಿವಾರ ಬೆಳಿಗ್ಗೆ ಶಾಲೆಯ ಜಿಮ್ಮಿನಲ್ಲಿ ಸೈನ್ಸ್ ಫೇರ್. ಯಾಮಿನಿ ತನ್ನ ಬೋರ್ಡು, ಡಬ್ಬಿಗಳನ್ನು ಹಳೆಯ ದುಪ್ಪಟಿಯಲ್ಲಿ ಸುತ್ತಿ ತಾನೇ ಹೊತ್ತು ತಂದಳು. ಯಾರಿಗೂ ನೋಡಲು ಬಿಡಲಿಲ್ಲ. ಒಳಗೆ ಐವತ್ತು ಅರವತ್ತು ಮೇಜುಗಳು, ಎಲ್ಲೆಲ್ಲೂ ಜ್ವಾಲಾಮುಖಿಗಳು. ಉಷಾ ತಾಯಿಯ ಕೈ ಹಿಡಿದುಕೊಂಡು ಗುಂಪಿನಲ್ಲಿ ದಾರಿ ಮಾಡಿಕೊಂಡು ಮಗಳ ಮೇಜಿಗೆ ಬರುವ ಹೊತ್ತಿಗೆ, ಕತ್ತರಿಸಿದ ಕೂದಲಿನ ಒಬ್ಬ ತೀರ್ಪುಗಾರ್ತಿ ಆಗಲೇ ಅಲ್ಲಿ ಬಾಗಿ ನಿಂತಿದ್ದಳು. ಎರಡು ಡಬ್ಬಿಗಳ ಮೇಲೆ ಒಂದು ಬಿಸಿ ದೀಪ ಉರಿಯುತ್ತಿತ್ತು. ಡಬ್ಬಿಗಳ ಬಾಯಿಂದ ಥರ್ಮಾಮೀಟರುಗಳು ತಲೆಯೆತ್ತಿದ್ದವು.

ಯಾಮಿನಿ ಇಂಗ್ಲಿಷಿನಲ್ಲಿ ಅರಳು ಹುರಿದಂತೆ ವಿವರಿಸುತ್ತಿದ್ದಳು. ಇಪ್ಪತ್ತು ನಿಮಿಷ ದೀಪದ ಕೆಳಗಿಟ್ಟರೆ ಕಪ್ಪು ಡಬ್ಬಿ ಎಪ್ಪತ್ತರಿಂದ ತೊಂಬತ್ಮೂರು ಡಿಗ್ರಿ ಫ್ಯಾರನ್‌ಹೀಟಿಗೆ ಏರಿತು, ಬಿಳಿಯದು ಎಪ್ಪತ್ತೊಂಬತ್ತಕ್ಕೇ ನಿಂತಿತು. ರೋಮ ಎರಡಕ್ಕೂ ಒಂದೇ. ಮೇಲಿನಿಂದ ಬಂದ ಬಿಸಿಲು ಎರಡಕ್ಕೂ ಒಂದೇ. ಒಳಗಿನ ಬಣ್ಣ ಮಾತ್ರ ಬೇರೆ. ಕರಡಿಯ ಬಿಸಿಯೆಲ್ಲ ಸೂರ್ಯನಿಂದ ಬರುವುದಲ್ಲ, ಹೆಚ್ಚಿನದು ಅದರ ಸ್ವಂತದ್ದೇ, ಆದರೆ ಸೂರ್ಯ ಕೊಟ್ಟದ್ದನ್ನು ಅದು ವ್ಯರ್ಥ ಮಾಡುವುದಿಲ್ಲ ಎಂದಳು. ತೀರ್ಪುಗಾರ್ತಿ ತಲೆದೂಗಿ, ಡಬ್ಬಿಗಳ ಮುಂದೆ ಅಂಟಿಸಿದ್ದ ಎರಡು ಫೋಟೋಗಳನ್ನು ತೋರಿಸಿ, ಇವು ಯಾಕೆ ಎಂದು ಕೇಳಿದಳು. "ದೇ ಆರ್ ಜಸ್ಟ್ ಲೇಬಲ್ಸ್" ಎಂದಳು ಯಾಮಿನಿ. ಆಕೆ ನಕ್ಕು, ಏನೋ ಬರೆದುಕೊಂಡು, ಮುಂದಿನ ಜ್ವಾಲಾಮುಖಿಗೆ ಹೋದಳು.

ಉಷಾ ಆಗ ನೋಡಿದಳು. ಕಪ್ಪು ಡಬ್ಬಿಯ ಮುಂದೆ ಇದ್ದದ್ದು ಶಾಲೆಯ ಲ್ಯಾಪ್‌ಟಾಪಿನಲ್ಲಿ ಮಗಳು ತಾನೇ ತೆಗೆದುಕೊಂಡ, ಸ್ವಲ್ಪ ಅಲುಗಿದ ಫೋಟೋ: ಕಪ್ಪು ಮುಖ, ಗಲ್ಲದ ಮೇಲೆ ಗಾಯದ ಗುರುತು, ಒಂದು ಕಡೆ ಸೊಟ್ಟಗಾದ ನಗು. ಬಿಳಿ ಡಬ್ಬಿಯ ಮುಂದೆ ಇದ್ದದ್ದು ಅಜ್ಜಿ ಸೀರೆಯಲ್ಲಿ ಸುತ್ತಿ ತಂದಿದ್ದ ಚೌಕಟ್ಟಿನ ಫೋಟೋದ ಸಣ್ಣ ಪ್ರತಿ. ಬೇರೆ ಯಾರಿಗೂ ಇದು ತಿಳಿಯುವುದಿಲ್ಲ, ತಿಳಿಯಬೇಕಾದವಳು ನಾನೊಬ್ಬಳೇ, ನನಗೆಂದೇ ಇಟ್ಟಿದ್ದಾಳೆ ಎಂದುಕೊಂಡಳು. ಅದೂ ಸುಳ್ಳು ಸಮಾಧಾನವೇ. ಮಗಳು ಅವಳ ಕಡೆ ನೋಡಲೇ ಇಲ್ಲ, ಥರ್ಮಾಮೀಟರನ್ನು ನೋಡಿ ಅಂಕಿ ಬರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ರಾಜಲಕ್ಷ್ಮಮ್ಮ ಕನ್ನಡಕ ಸರಿಮಾಡಿಕೊಂಡು ಮೇಜಿಗೆ ಬಾಗಿದರು. ಕಪ್ಪು ಡಬ್ಬಿಯ ಮುಂದಿನ ಮುಖವನ್ನು ಬೆರಳಿನಿಂದ ಮುಟ್ಟಿ, "ನಮ್ ಬಂಗಾರ" ಎಂದರು. ಆಮೇಲೆ ಇನ್ನೊಂದನ್ನು ನೋಡಿದರು. ಎರಡು ವರ್ಷ ದಿನವೂ ಹಾಲಿನಲ್ಲಿ ಕಂಡು ಮಾತಾಡಿಸುತ್ತಿದ್ದ ಮುಖ. ನಾಲ್ಕು ತಿಂಗಳು ನಿಜವಾದ ಮೊಮ್ಮಗಳ ಜಡೆ ಹೆಣೆದ ಮೇಲೆ ಅವರಿಗೆ ಅದರ ಗುರುತೇ ಹತ್ತಲಿಲ್ಲ.

"ಈ ಮಗು ಯಾರೇ? ನಿನ್ ಕ್ಲಾಸಿನವಳಾ?"

ಯಾಮಿನಿ ಅಂಕಿ ಬರೆದು ಮುಗಿಸಿದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕರಡಿಯ ಕೂದಲಿನ ವಿಷಯ ಹೇಳಿದಷ್ಟೇ ಸಹಜವಾಗಿ ಹೇಳಿದಳು.

"ಅದು ಅಮ್ಮಂಗೆ ಬೇಕಾಗಿರೋ ಯಾಮಿನಿ, ಅಜ್ಜಿ."

ಬಹುಮಾನ ಬಂತು, ಎರಡನೆಯದು. ಅವಿನಾಶ್ ಚಪ್ಪಾಳೆ ತಟ್ಟಿದ. ಉಷಾಳೂ ತಟ್ಟಿದಳು. ತನ್ನ ಕೈಗಳು ತಟ್ಟುತ್ತಿರುವುದು ಅವಳಿಗೆ ಕಾಣಿಸುತ್ತಿತ್ತು, ಸದ್ದು ಮಾತ್ರ ಕೇಳಿಸುತ್ತಿರಲಿಲ್ಲ.

ಹಿಂದಿರುಗುವಾಗ ಅವಿನಾಶ್ ಕಾರು ಓಡಿಸುತ್ತಿದ್ದ, ಅಜ್ಜಿ ಅವನ ಪಕ್ಕದಲ್ಲಿ, ತಾಯಿ ಮಗಳು ಹಿಂದೆ. ಡಬ್ಬಿಗಳು ಇಬ್ಬರ ನಡುವೆ ಕೂತಿದ್ದವು. ಉಷಾ ಇನ್ನು ತಡೆಯಲಾರದೆ ಹೇಳಿದಳು.

"ಪುಟ್ಟಾ, ನಂಗೆ ನೀನೇ ಬೇಕು ಕಣೇ. ನೀನು ಹೇಗಿದೀಯೋ ಹಾಗೇ. ಅವತ್ತು ಲೈಟಿಂಗ್ ಅಂತ ಸುಳ್ಳು ಹೇಳ್ದೆ. ಸಾರಿ."

"ಇಟ್ಸ್ ಓಕೆ."

"ನಿನ್ನ ಯಾರೂ ಏನೂ ಅನ್ಬಾರ್ದು ಅಂತ ಮಾಡ್ದೆ. ನಂಗೆ ಅಂದಿದ್ರು, ಅದಕ್ಕೆ." ಹದಿನೈದು ವರ್ಷ ಬಾಯಿ ಬಿಡದವಳು ಅವತ್ತು ಎಲ್ಲ ಹೇಳಿದಳು. ಸ್ಟುಡಿಯೋ, ಬೆಳ್ಳಗಿನ ಫೋಟೋ, ಕಾಫಿ ತಟ್ಟೆ, ಹೆಗಲ ಮೇಲಿಂದ ಆಚೆಗೆ ನೋಡಿದ ಆ ಹೆಂಗಸು. ಮುಂದಿನ ಸೀಟಿನಲ್ಲಿ ರಾಜಲಕ್ಷ್ಮಮ್ಮನ ತಲೆ ನಿಧಾನವಾಗಿ ಕೆಳಗಾಯಿತು. ಅವಿನಾಶ್ ಕನ್ನಡಿಯಲ್ಲಿ ಹೆಂಡತಿಯ ಮುಖ ನೋಡಿದ.

ಯಾಮಿನಿ ಎಲ್ಲವನ್ನೂ ಗಮನವಿಟ್ಟು ಕೇಳಿಸಿಕೊಂಡಳು. ಮೊದಲ ಬಾರಿಗೆ ಅಮ್ಮನ ಕಡೆ ಪೂರ್ತಿ ತಿರುಗಿದಳು. ಅವಳ ಕಣ್ಣಲ್ಲಿ ನೀರಿತ್ತು. ಉಷಾಳಿಗೆ ಒಂದು ಕ್ಷಣ, ಒಂದೇ ಕ್ಷಣ, ಎಲ್ಲವೂ ಸರಿಹೋಯಿತು ಎನಿಸಿತು.

"ಹಾಗಾದ್ರೆ ನಿಂಗೆ ಗೊತ್ತಿತ್ತು" ಎಂದಳು ಯಾಮಿನಿ. "ಹೇಗೆ ಅನ್ಸತ್ತೆ ಅಂತ, ಯು ನ್ಯೂ."

ಅವಳು ಮತ್ತೆ ಕಿಟಕಿಯ ಕಡೆ ತಿರುಗಿ, ಡಬ್ಬಿಗಳು ಉರುಳದಂತೆ ಒಂದು ಕೈಯಲ್ಲಿ ಹಿಡಿದುಕೊಂಡಳು.

ಊಟವಾದ ಮೇಲೆ ಉಷಾ ಮಹಡಿಯ ಕೋಣೆಯಲ್ಲಿ ಕೂತು ಫೋನು ತೆಗೆದಳು. ಆ ಫೋಟೋಗಳನ್ನೆಲ್ಲ ಅಳಿಸಿ, ಮೂಲ ಫೋಟೋಗಳನ್ನು ಹಾಕಿ ಒಂದು ಆಲ್ಬಮ್ ಮಾಡಿ ಮಗಳ ಕೈಗೆ ಕೊಡೋಣ ಎಂದುಕೊಂಡಿದ್ದಳು. ಹುಡುಕಿದಳು. ಮೂಲ ಎಂಬುದು ಇರಲೇ ಇಲ್ಲ. ಆ ಕ್ಯಾಮೆರಾ ತೆಗೆಯುವಾಗಲೇ ಬೆಳ್ಳಗೆ ತೆಗೆದು, ಅದನ್ನಷ್ಟೇ ಇಟ್ಟುಕೊಳ್ಳುತ್ತಿತ್ತು. ಗಂಡನ ಫೋನು ಕೇಳಿ ಪಡೆದಳು. ಅದರಲ್ಲಿ ಇದ್ದದ್ದು ಪಾರ್ಕಿಂಗ್ ಕಂಬಗಳ ನಂಬರು, ಕೆಟ್ಟ ಡಿಶ್‌ವಾಷರಿನ ಹೊಟ್ಟೆ, ಆಫೀಸಿನ ಬೋರ್ಡು, ಮತ್ತು ಉಷಾಳೇ ಕಳಿಸಿದ್ದ ಫೋಟೋಗಳು. ಶಾಲೆಯ ಐದು ವರ್ಷದ ಫೋಟೋಗಳನ್ನು ಪೆಟ್ಟಿಗೆಯಿಂದ ತೆಗೆದು ಮಂಚದ ಮೇಲೆ ಹರಡಿದಳು. ಒಂದರಲ್ಲೂ ಗಲ್ಲದ ಗಾಯವಿರಲಿಲ್ಲ. ಆರರಿಂದ ಹತ್ತರವರೆಗಿನ ಮಗಳ ಮುಖ ಎಲ್ಲೂ ಇರಲಿಲ್ಲ. ಮುಂದಿನ ಎರಡು ಹಲ್ಲು ಬಿದ್ದಾಗ ಅವಳು ನಿಜವಾಗಿ ಹೇಗಿದ್ದಳೆಂದು ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದರೆ, ಕಣ್ಣೊಳಗೂ ಫೋಟೋದ ಬಿಳಿ ಹುಡುಗಿಯೇ ಬಂದಳು. ಉಷಾ ಮಂಚದ ಅಂಚು ಹಿಡಿದು ಅತ್ತಳು, ಬಾಯಿಗೆ ದಿಂಬು ಒತ್ತಿಕೊಂಡು, ಸತ್ತವರಿಗೆ ಅಳುವ ಹಾಗೆ.

ಮುಖ ತೊಳೆದು ಕೆಳಗಿಳಿದಾಗ ಮೂರು ಗಂಟೆ. ಊಟದ ಮನೆಯ ಗಾಜಿನ ಬಾಗಿಲಿನ ಪರದೆಯನ್ನು ಯಾರೋ ಪೂರ್ತಿ ಸರಿಸಿದ್ದರು. ಹೊರಗೆ ಹುಲ್ಲಿನ ಮೇಲೆ ಇನ್ನೂ ಹಿಮವಿತ್ತು, ಒಳಗೆ ಚಾಪೆಯ ಮೇಲೆ ಅಗಲವಾಗಿ ಬಿಸಿಲು ಬಿದ್ದಿತ್ತು. ಅಜ್ಜಿ ಕುರ್ಚಿಯಲ್ಲಿ ಕೂತು ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದಿದ್ದರು. ಯಾಮಿನಿ ಅವರ ಮೊಣಕಾಲಿಗೊರಗಿ ನೆಲದ ಮೇಲೆ ಕೂತಿದ್ದಳು, ಕಾಲುಚೀಲ ಬಿಚ್ಚಿ ಬರಿಗಾಲಿನಲ್ಲಿ. ಬಿಸಿಲು ಅವಳ ಮುಖದ ಮೇಲೆ ನೇರವಾಗಿ ಬೀಳುತ್ತಿತ್ತು. ಎಣ್ಣೆ ತಾಗಿದ ಹಣೆ, ಕೆನ್ನೆಯ ಮೂಳೆ, ಗಲ್ಲದ ಗಾಯ. ಇಷ್ಟು ಚೆಂದದ ಮಗು ನನ್ನದು ಎಂದು ಉಷಾಳಿಗೆ ಎದೆ ಒಡೆದುಹೋಗುವಂತೆ ಅನಿಸಿತು.

"ಪುಟ್ಟಾ, ಒಂದು ಫೋಟೋ ತೆಗೀಲಾ? ಆ ಆ್ಯಪ್ ತೆಗೆದು ಹಾಕ್ಬಿಟ್ಟೆ. ಇದು ಬರೀ ಕ್ಯಾಮೆರಾ."

ಯಾಮಿನಿ ಅಮ್ಮನ ಕೈಯಲ್ಲಿದ್ದ ಫೋನನ್ನು ನೋಡಿದಳು. ಮುಖ ತಿರುಗಿಸಲಿಲ್ಲ, ಸಿಟ್ಟಾಗಲಿಲ್ಲ. ಹೊರಗಿನವರು ತಟ್ಟೆ ನೀಡಿದಾಗ ಸಾಕು ಎನ್ನುವ ಹಾಗೆ ಹೇಳಿದಳು. "ಬೇಡ ಅಮ್ಮ. ಥ್ಯಾಂಕ್ಸ್."

ರಾಜಲಕ್ಷ್ಮಮ್ಮ ತಲೆ ತಗ್ಗಿಸಿಕೊಂಡು ಎಣ್ಣೆ ಹಚ್ಚುತ್ತಲೇ ಇದ್ದರು. ಉಷಾ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟು, ಮಗಳ ಎದುರು ಚಾಪೆಯ ಮೇಲೆ ಕೂತಳು. ಕೈ ಚಾಚಿದರೆ ಆ ಪಾದಗಳು ಸಿಗುತ್ತಿದ್ದವು.

"ಕಾಲು ತಣ್ಣಗಿರ್ಬೇಕಲ್ವಾ? ಇಲ್ಲಿಡು," ಎಂದು ತನ್ನ ಹೊಟ್ಟೆ ಮುಟ್ಟಿ ತೋರಿಸಿದಳು. "ಬೈಯಲ್ಲ."

"ಇಲ್ಲ, ಬೆಚ್ಚಗಿದೆ" ಎಂದಳು ಯಾಮಿನಿ, ಮತ್ತು ಎರಡು ಪಾದಗಳನ್ನೂ ಬಿಸಿಲಿನೊಳಕ್ಕೆ ಇನ್ನಷ್ಟು ಸರಿಸಿಕೊಂಡಳು.